ಫ್ಯಾಕ್ಸ್ ಮಷೀನ್ ನಿಮ್ಮ ಕೋಡನ್ನು ಎಲ್ಲಿ ಬಿಟ್ಟುಕೊಡುತ್ತಿದೆ? ಲಕ್ಷಣ ನೋಡಿ ಪತ್ತೆ ಮಾಡುವ ಬಗೆ

ಕೋಡ್ ಬಯಲಾಗಿದೆ ಎಂದು ಗೊತ್ತಾದ ಕೂಡಲೇ ಕಚೇರಿಯಲ್ಲಿ ಮನುಷ್ಯರ ವಿಚಾರಣೆ ಶುರುವಾಗುತ್ತದೆ. ಅಟೆಂಡರ್, ರಾತ್ರಿ ಕಾವಲಿನವರು, ಹೊಸದಾಗಿ ಸೇರಿದ ಹುಡುಗ, ಹೀಗೆ ಅನುಮಾನ ಒಂದು ಸುತ್ತು ಹೊಡೆಯುತ್ತದೆ. ಇಂಟರ್‌ಕಾಂ, ಫ್ಯಾಕ್ಸ್ ಸರ್ವಿಸ್‌ಗೆಂದು ಓಡಾಡುವ ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವುಗಳಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು ಮೂಲೆಯಲ್ಲಿ ಕೂತ ಮಷೀನೇ. ಅದಕ್ಕೆ ಕೋಡ್ ಯಾವುದು, ನಂಬರ್ ಯಾವುದು ಎಂಬ ಭೇದ ತಿಳಿಯದು. ಒತ್ತಿದ್ದನ್ನೆಲ್ಲ ಒಂದೇ ಸಾಲಾಗಿ ನೆನಪಿಟ್ಟು, ಕೇಳಿದವರಿಗೂ ಕೇಳದವರಿಗೂ ಒಪ್ಪಿಸುತ್ತದೆ.

ಫ್ಯಾಕ್ಸ್ ಹತ್ತಿರ ಓಡಾಡುವ ಕೋಡ್‌ಗಳು ಮೂರು ಬಗೆ. ಹೊರಗಿನ ಲೈನ್ ಬಿಡಿಸಿಕೊಳ್ಳಲು ಇಪಿಎಬಿಎಕ್ಸ್‌ಗೆ, ಅಂದರೆ ಕಚೇರಿಯ ಒಳಗಿನ ಟೆಲಿಫೋನ್ ಎಕ್ಸ್‌ಚೇಂಜ್‌ಗೆ, ಕೊಡುವ ಅಕೌಂಟ್ ಕೋಡ್ ಒಂದು. ಲ್ಯಾಂಡ್‌ಲೈನ್‌ನ ಎಸ್‌ಟಿಡಿ, ಐಎಸ್‌ಡಿ ಲಾಕ್ ತೆಗೆಯುವ ರಹಸ್ಯ ಸಂಖ್ಯೆಯೂ ಇದೇ ಜಾತಿಗೆ ಸೇರಿದ್ದು. ಯಾವ ವಿಭಾಗ ಎಷ್ಟು ಬಳಸಿತು ಎಂದು ಲೆಕ್ಕ ಇಡಲು ಮಷೀನೇ ಕೇಳುವ ಡಿಪಾರ್ಟ್‌ಮೆಂಟ್ ಕೋಡ್ ಎರಡನೆಯದು. ಬಂದ ಫ್ಯಾಕ್ಸನ್ನು ಮೆಮೊರಿಯಲ್ಲೇ ಹಿಡಿದಿಟ್ಟು, ಪಿನ್ ಒತ್ತಿದ ಮೇಲಷ್ಟೇ ಪ್ರಿಂಟ್ ಕೊಡುವ ಮೇಲ್‌ಬಾಕ್ಸ್‌ನದು ಮೂರನೆಯದು. ದೂರು ಬಂದಾಗ ನಾನು ಮೊದಲು ಕೇಳುವುದೇ "ಯಾವ ಕೋಡ್ ಸಾರ್?" ಎಂದು. ಅರ್ಧ ಜನರಿಗೆ ಉತ್ತರ ಗೊತ್ತಿರುವುದಿಲ್ಲ. ಮೂರಕ್ಕೂ ಒಂದೇ ನಾಲ್ಕು ಅಂಕಿ ಇಟ್ಟಿರುತ್ತಾರೆ!

ಶುರುಮಾಡುವ ಮುನ್ನ ಒಂದು ಮಾತು. ಗಾಬರಿಯಲ್ಲಿ ಮಷೀನನ್ನು ರೀಸೆಟ್ ಮಾಡಬೇಡಿ. ಮೊದಲು ಜರ್ನಲ್, ಅಂದರೆ ಹೋದ, ಬಂದ ಫ್ಯಾಕ್ಸ್‌ಗಳ ಪಟ್ಟಿಯ ಪ್ರಿಂಟ್ ತೆಗೆದು, ದಿನಾಂಕ ಬರೆದು, ಬೀರುವಿನಲ್ಲಿಡಿ. ಮಷೀನಿನ ಗಡಿಯಾರ ಸರಿಯಾಗಿದೆಯೇ ಎಂದೂ ನೋಡಿ, ವ್ಯತ್ಯಾಸವಿದ್ದರೆ ಆ ಹಾಳೆಯ ಮೇಲೇ ಬರೆದಿಡಿ. ಜರ್ನಲ್‌ನಲ್ಲಿ ಉಳಿಯುವುದು ಕೊನೆಯ ಕೆಲವು ಹತ್ತಾರು ವ್ಯವಹಾರಗಳು ಮಾತ್ರ. ಹೊಸದು ಬಂದಂತೆ ಹಳೆಯದು ಅಳಿದುಹೋಗುತ್ತದೆ.

## "ಒತ್ತುವಾಗ ಅಂಕಿಗಳೆಲ್ಲ ಪರದೆ ಮೇಲೆ ಕಾಣುತ್ತವೆ"

ಇದಕ್ಕೆ ದುಡ್ಡು ಖರ್ಚಿಲ್ಲ. ಮಷೀನ್ ಎಲ್ಲಿಟ್ಟಿದ್ದೀರಿ ನೋಡಿ. ಬಾಗಿಲ ಪಕ್ಕ, ವಿಸಿಟರ್ ಕುರ್ಚಿಗೆ ಮುಖ ಮಾಡಿ ಇಟ್ಟಿದ್ದರೆ ಗೋಡೆಯ ಕಡೆಗೆ ತಿರುಗಿಸಿ. ಕೋಡ್ ಬರೆದ ಚೀಟಿಯನ್ನು ಮಷೀನಿನ ಮುಚ್ಚಳದ ಒಳಗೆ ಅಂಟಿಸಿರುತ್ತಾರೆ, ಅಥವಾ ಪಕ್ಕದ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ ಗೀಚಿರುತ್ತಾರೆ. ಎರಡನ್ನೂ ತೆಗೆಯಿರಿ. ಕೀಲಿಗಳನ್ನೂ ಗಮನಿಸಿ. ವರ್ಷಗಟ್ಟಲೆ ಒಂದೇ ಕೋಡ್ ಒತ್ತಿದ ಕಡೆ ನಾಲ್ಕು ಅಂಕಿಗಳ ಮೇಲಿನ ಬರಹ ಸವೆದು ಹೊಳೆಯುತ್ತಿರುತ್ತದೆ. ಯಾವ ನಾಲ್ಕು ಅಂಕಿ ಎಂದು ತಿಳಿದರೆ ಸಾಲಾಗಿ ಜೋಡಿಸುವ ಬಗೆ 24 ಮಾತ್ರ. ಒಂದು ಮಧ್ಯಾಹ್ನ ಸಾಕು.

ಆಮೇಲೆ ರೀಡಯಲ್. ಕೋಡ್ ಸೇರಿಸಿ ಒಂದೇ ಸಾಲಾಗಿ ಡಯಲ್ ಮಾಡಿದ್ದರೆ ರೀಡಯಲ್ ಒತ್ತಿದವರಿಗೆ ಇಡೀ ಸಾಲು ಪರದೆಯ ಮೇಲೆ ಮತ್ತೆ ಕಾಣುತ್ತದೆ. ಇದಕ್ಕೆ ಹಳೆಯ ಉಪಾಯವೊಂದಿದೆ: ಕೆಲಸ ಮುಗಿದ ಮೇಲೆ ಪಕ್ಕದ ರೂಮಿನ ಎಕ್ಸ್‌ಟೆನ್ಶನ್‌ಗೆ ಒಂದು ಸಲ ಡಯಲ್ ಮಾಡಿ ಕಟ್ ಮಾಡುವುದು. ಆದರೆ ಕೆಲವು ಮಷೀನ್‌ಗಳು ಹಿಂದಿನ ಹಲವು ನಂಬರ್‌ಗಳನ್ನು ಪಟ್ಟಿಯಾಗಿ ಇಟ್ಟುಕೊಳ್ಳುತ್ತವೆ. ಅಲ್ಲಿ ಬಾಣದ ಕೀಲಿ ಒತ್ತಿ ಹಿಂದಕ್ಕೆ ಹೋಗಿ ನೋಡಿ. ನಿಮ್ಮ ಕೋಡ್ ಅಲ್ಲಿದ್ದರೆ ಈ ಉಪಾಯ ನಿಮಗಲ್ಲ.

## "ರಿಪೋರ್ಟ್ ಹಾಳೆಯಲ್ಲಿ ಕೋಡ್ ಅಚ್ಚಾಗಿದೆ"

ನಾನು ಅತಿ ಹೆಚ್ಚು ಕಂಡ ಸೋರಿಕೆ ಇದು, ಜನ ಅತಿ ಕಡಿಮೆ ಅನುಮಾನಿಸುವುದೂ ಇದನ್ನೇ.

ಒಂದು ಕಚೇರಿಯಲ್ಲಿ ವರ್ಷದೊಳಗೆ ಮೂರು ಸಲ ಕೋಡ್ ಬದಲಿಸಿದ್ದರು. ಮ್ಯಾನೇಜರಿಗೆ ಅಟೆಂಡರ್ ಮೇಲೆ ಗುಮಾನಿ. ಆ ಮನುಷ್ಯ ಪಾಪ, ನಾನು ಹೋದ ದಿನ ನೀರು ತಂದುಕೊಡುವಾಗಲೂ ತಲೆ ಎತ್ತಲಿಲ್ಲ. ನಾನು ಮಷೀನ್ ಮುಟ್ಟುವ ಮೊದಲು ಯಾವುದಾದರೊಂದು ಪತ್ರವ್ಯವಹಾರದ ಫೈಲ್ ತೋರಿಸಿ ಎಂದೆ. ಪ್ರತಿ ಪತ್ರದ ಬೆನ್ನಿಗೂ, ಫ್ಯಾಕ್ಸ್ ಹೋಗಿದ್ದಕ್ಕೆ ಸಾಕ್ಷಿಯೆಂದು, ಟ್ರಾನ್ಸ್‌ಮಿಷನ್ ರಿಪೋರ್ಟ್ ಪಿನ್ ಹೊಡೆದಿದ್ದರು. ದಿನಾಂಕ, ಸಮಯ, ಪುಟ, 'ಓಕೆ'. ನಂಬರಿನ ಜಾಗದಲ್ಲಿ ಮೊದಲು ಕೋಡ್, ಒಂದು ಅಡ್ಡಗೆರೆ, ಆಮೇಲೆ 080ರಿಂದ ಶುರುವಾಗುವ ಬೆಂಗಳೂರಿನ ನಂಬರ್. ಫೈಲ್ ನಾಲ್ಕು ಟೇಬಲ್ ಸುತ್ತಿ, ಲೆಕ್ಕ ಪರಿಶೋಧಕರ ಕೈಗೂ ಹೋಗಿ ಬಂದಿತ್ತು. ಹೊಸ ಕೋಡ್ ಇಟ್ಟ ಮರುದಿನವೇ ಅದೂ ಹೊಸ ಪತ್ರದ ಬೆನ್ನೇರುತ್ತಿತ್ತು. ಮ್ಯಾನೇಜರ್ ಸುಮ್ಮನೆ ಫೈಲ್ ಮುಚ್ಚಿದರು. ಅಟೆಂಡರನ್ನು ಕರೆದು ಒಂದು ಮಾತು ಹೇಳಬಹುದಿತ್ತು. ಹೇಳಿದರೋ ಇಲ್ಲವೋ ನಾನು ನೋಡಲಿಲ್ಲ.

ನಿಮ್ಮಲ್ಲಿ ಹೀಗಾಗುತ್ತಿದೆಯೇ ಎಂದು ತಿಳಿಯಲು ನಿಜವಾದ ಕೋಡ್ ಬಳಸಬೇಡಿ. ಸುಳ್ಳು ಕೋಡ್ ಒಂದನ್ನು ಹಾಕಿ, ನಿಮ್ಮ ಇನ್ನೊಂದು ನಂಬರಿಗೆ ಒಂದು ಖಾಲಿ ಹಾಳೆ ಕಳಿಸಲು ನೋಡಿ. ಇಪಿಎಬಿಎಕ್ಸ್ ಒಪ್ಪುವುದಿಲ್ಲ, ಕರೆ ಬೀಳುತ್ತದೆ, ಮಷೀನ್ ಎರರ್ ರಿಪೋರ್ಟ್ ಕಕ್ಕುತ್ತದೆ. ಸುಳ್ಳು ಕೋಡ್ ಅದರಲ್ಲಿ ಕಂಡರೆ ನಿಜವಾದದ್ದೂ ಕಾಣುತ್ತದೆ ಎಂದೇ ಅರ್ಥ. ಹಾಗೆಯೇ ಜರ್ನಲ್ ಪ್ರಿಂಟ್ ತೆಗೆದು ಕೊನೆಯ ಸಾಲು ನೋಡಿ. ಹಲವು ಮಷೀನ್‌ಗಳು ಇಂತಿಷ್ಟು ವ್ಯವಹಾರ ಆದ ಮೇಲೆ ಜರ್ನಲನ್ನು ತಾವಾಗಿಯೇ ಪ್ರಿಂಟ್ ಮಾಡಿ ಟ್ರೇಗೆ ಹಾಕುತ್ತವೆ. ಆ ಹಾಳೆಯನ್ನು ಯಾರೂ ಕೇಳಿರುವುದಿಲ್ಲ, ಯಾರೂ ಒಯ್ಯುವುದಿಲ್ಲ. ಕೊನೆಗೆ ಮಗ್ಗುಲು ಬದಲಿಸಿ ರಫ್ ಕಾಗದವಾಗುತ್ತದೆ.

ಪರಿಹಾರ ಹೀಗೆ. ಜರ್ನಲ್ ತಾನಾಗಿ ಪ್ರಿಂಟ್ ಆಗುವುದನ್ನು ನಿಲ್ಲಿಸಿ. ಟ್ರಾನ್ಸ್‌ಮಿಷನ್ ರಿಪೋರ್ಟನ್ನು ತಪ್ಪಾದಾಗ ಮಾತ್ರ ಬರುವಂತೆ ಇಡಿ. ಸಾಕ್ಷಿಗೆ ಪ್ರತಿ ಸಲವೂ ರಿಪೋರ್ಟ್ ಬೇಕೇಬೇಕು ಎನ್ನುವ ಕಚೇರಿಗಳಲ್ಲಿ, ನಂಬರನ್ನು ಹೆಸರು ಕೊಟ್ಟು ಸ್ಪೀಡ್ ಡಯಲ್‌ಗೆ ಹಾಕಿದರೆ ಹಲವು ಮಾದರಿಗಳು ರಿಪೋರ್ಟ್‌ನಲ್ಲಿ ಅಂಕಿಗಳ ಬದಲು ಆ ಹೆಸರನ್ನೇ ಅಚ್ಚು ಹಾಕುತ್ತವೆ. ಇದೂ ನಿಮ್ಮ ಮಷೀನಿಗೆ ಹೊಂದುತ್ತದೆಯೇ ಎಂದು ಸುಳ್ಳು ಕೋಡ್‌ನಲ್ಲೇ ನೋಡಿಕೊಳ್ಳಿ.

ಮಷೀನಿನ ಬಾಯಿ ಮುಚ್ಚಿಸಿದ ಮೇಲೂ ಇಪಿಎಬಿಎಕ್ಸ್ ಉಳಿದಿದೆ. ಯಾವ ಎಕ್ಸ್‌ಟೆನ್ಶನ್‌ನಿಂದ ಯಾವ ನಂಬರಿಗೆ ಎಷ್ಟು ಹೊತ್ತು ಎಂಬ ಕಾಲ್ ರೆಕಾರ್ಡನ್ನು ಅದು ಒಂದು ಪಿಸಿಗೋ ಪ್ರಿಂಟರಿಗೋ ಕಳಿಸುತ್ತಿರುತ್ತದೆ. ಅಲ್ಲಿ ಅಕೌಂಟ್ ಕೋಡಿಗೂ ಒಂದು ಕಾಲಂ ಇರುತ್ತದೆ. ಆ ಪಿಸಿ ಹೆಚ್ಚಾಗಿ ರಿಸೆಪ್ಷನ್‌ನಲ್ಲಿ, ಪಾಸ್‌ವರ್ಡ್ ಇಲ್ಲದೆ.

## "ಪಕ್ಕದ ಟೇಬಲ್‌ಗೂ ಡಯಲ್ ಸದ್ದು ಕೇಳುತ್ತದೆ"

ಕೇಳಿದರೇನು, ಬರೀ ಪೀಂ ಪೀಂ ಎಂದುಕೊಳ್ಳಬೇಡಿ. ಪ್ರತಿ ಕೀಲಿಯೂ ಎರಡು ಸ್ವರಗಳ ಜೋಡಿ. ಅಡ್ಡಸಾಲಿಗೆ ಒಂದು, ಉದ್ದಸಾಲಿಗೆ ಒಂದು: 5 ಒತ್ತಿದರೆ 770 ಮತ್ತು 1336 ಹರ್ಟ್ಸ್, 1 ಒತ್ತಿದರೆ 697 ಮತ್ತು 1209. ಎಕ್ಸ್‌ಚೇಂಜ್ ಈ ಜೋಡಿ ಕೇಳಿಯೇ ಅಂಕಿ ತಿಳಿಯುತ್ತದೆ. ಅದೇ ಕೆಲಸವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಒಂದು ಪುಟ್ಟ ಆ್ಯಪ್ ಕೂಡ ಮಾಡುತ್ತದೆ. ನಂಬದ ಮ್ಯಾನೇಜರುಗಳ ಎದುರು ನಾನು ಇದನ್ನು ಮಾಡಿ ತೋರಿಸುತ್ತೇನೆ. ಅವರೇ ಒತ್ತಿದ ಅಂಕಿಗಳನ್ನು ಫೋನ್ ಓದಿ ಹೇಳಿದಾಗ ಮುಖದ ಬಣ್ಣ ಬದಲಾಗುತ್ತದೆ.

ಮೆನುವಿನಲ್ಲಿ ಮಾನಿಟರ್ ಅಥವಾ ಸ್ಪೀಕರ್ ವಾಲ್ಯೂಂ ಎಂದಿರುವುದನ್ನು ಶೂನ್ಯಕ್ಕಿಳಿಸಿ. ಕರೆ ಗಂಟೆಯ ವಾಲ್ಯೂಂ ಬೇರೆ, ಅದನ್ನು ಮುಟ್ಟಬೇಡಿ; ಇಲ್ಲವಾದರೆ ನಾಳೆ "ಫ್ಯಾಕ್ಸ್ ಬಂದದ್ದೇ ಗೊತ್ತಾಗಲಿಲ್ಲ" ಎಂಬ ಹೊಸ ದೂರು.

ಕರೆ ನಡೆಯುವಾಗ ನಿಮ್ಮ ಸ್ಪೀಕರ್ ಮುಚ್ಚಿದ್ದರೂ ಬೇರೆ ಯಾರೋ ಲೈನಿನಲ್ಲಿದ್ದಂತೆ ಕ್ಲಿಕ್ ಸದ್ದು, ಪದೇ ಪದೇ ಫ್ಯಾಕ್ಸ್ ಅರ್ಧಕ್ಕೆ ನಿಲ್ಲುವುದು ಕಂಡರೆ, ಅದೇ ಲೈನಿನ ತಂತಿ ಜೋಡಿಗೆ ಪ್ಯಾರಲಲ್ ಫೋನ್ ಎಲ್ಲಾದರೂ ಇದೆಯೇ ಎಂದು ತಂತಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಸಾಕೆಟ್ ಬಿಚ್ಚಿ ಕೈ ಹಾಕಬೇಡಿ. ಲೈನಿನಲ್ಲಿ ಸುಮ್ಮನಿರುವಾಗಲೇ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಗಂಟೆ ಹೊಡೆಯುವಾಗ ಅದರ ಮೇಲೆ 75 ವೋಲ್ಟ್ ಆಸುಪಾಸಿನ ಎಸಿ ಏರುತ್ತದೆ. ಒದ್ದೆ ಕೈಗೆ ಚೆನ್ನಾಗಿಯೇ ಹೊಡೆಯುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಹೊತ್ತಿನಲ್ಲಂತೂ ಟೆಲಿಫೋನ್ ತಂತಿಯ ಹತ್ತಿರ ಸುಳಿಯಬೇಡಿ. ಪ್ಯಾರಲಲ್ ಲೈನ್ ಇದೆ ಎಂದು ಕಂಡರೆ ಅಲ್ಲಿಗೇ ನಿಲ್ಲಿಸಿ, ಲೈನ್‌ಮನ್ ಕರೆಸಿ.

## "ಫ್ಯಾಕ್ಸ್ ಪಡೆದವರ ಕೈಗೇ ನಮ್ಮ ಕೋಡ್ ಹೋಗಿದೆ"

ಹೋದ ಹಾಳೆಯ ನೆತ್ತಿಯ ಮೇಲೆ ಸಣ್ಣ ಅಕ್ಷರದ ಒಂದು ಗೆರೆ ಇರುತ್ತದೆ: ಕಳಿಸಿದವರ ಹೆಸರು, ನಂಬರ್, ಸಮಯ, ಪುಟ. ಕೆಲವು ಮಷೀನ್‌ಗಳು ಅದರಲ್ಲೇ ಯಾರಿಗೆ ಕಳಿಸಿದ್ದು ಎಂಬುದನ್ನೂ ಸೇರಿಸುತ್ತವೆ, ಅಂದರೆ ನೀವು ಡಯಲ್ ಮಾಡಿದ ಸಾಲನ್ನು. ನಿಮ್ಮ ಮಷೀನಿನಲ್ಲಿ ಇದು ಯಾವತ್ತೂ ಕಾಣದು, ಏಕೆಂದರೆ ಅಚ್ಚಾಗುವುದು ಆ ಕಡೆ. ಪರಿಚಯದವರ ಫ್ಯಾಕ್ಸ್‌ಗೆ ಒಂದು ಪುಟ ಕಳಿಸಿ, ನೆತ್ತಿಯ ಗೆರೆಯ ಫೋಟೋ ಹಾಕಿ ಎಂದು ಕೇಳಿ. ಇದಕ್ಕೆ ಸುಳ್ಳು ಕೋಡ್ ನಡೆಯದು, ಕರೆ ತಲುಪಲೇಬೇಕು. ಒಂದು ತಾಸಿಗೆ ಮಾತ್ರ ಚಾಲ್ತಿಯಲ್ಲಿರುವ ಕೋಡ್ ಹಾಕಿಸಿಕೊಳ್ಳಿ. ಕೋಡ್ ಕಂಡರೆ, ಸೆಟ್ಟಿಂಗ್‌ನಲ್ಲಿ ಪಡೆಯುವವರ ವಿವರ ಸೇರಿಸುವುದನ್ನು ಆಫ್ ಮಾಡಿ.

## "ಕೋಡ್ ಗೊತ್ತಿಲ್ಲದವರೂ ಹೊರಗೆ ಫ್ಯಾಕ್ಸ್ ಕಳಿಸುತ್ತಿದ್ದಾರೆ"

ಹಾಗಾದರೆ ಯಾರೋ ಕೋಡನ್ನು ಸ್ಪೀಡ್ ಡಯಲ್‌ನೊಳಗೆ ತುಂಬಿದ್ದಾರೆ. ಕೆಟ್ಟ ಉದ್ದೇಶದಿಂದಲ್ಲ, ಬೆರಳು ನೋವು ತಪ್ಪಲಿ ಎಂದು. ಟೆಲಿಫೋನ್ ಪಟ್ಟಿಯ ಪ್ರಿಂಟ್ ತೆಗೆದರೆ ಎಲ್ಲ ಬೆತ್ತಲೆ: ಕೋಡ್, ನಡುವೆ ಬಿಡುವಿನ ಗುರುತು, ನಂಬರ್. ಅದನ್ನು ಓದಿ, ಕೋಡ್ ಇರುವ ನಮೂದುಗಳನ್ನು ಅಳಿಸಿ, ನಂಬರನ್ನಷ್ಟೇ ಉಳಿಸಿ. ಹಲವು ಮಷೀನ್‌ಗಳಲ್ಲಿ ಸರಪಳಿಯಂತೆ ಡಯಲ್ ಮಾಡಬಹುದು. ಮೊದಲು ಕೋಡನ್ನು ಕೈಯಿಂದ ಒತ್ತಿ, ಆಮೇಲೆ ಒನ್ ಟಚ್ ಕೀಲಿ ಒತ್ತಿದರೆ ಉಳಿದದ್ದು ತಾನೇ ಹೋಗುತ್ತದೆ. ಕೋಡ್ ಪಟ್ಟಿಯಲ್ಲಿ ಉಳಿಯುವುದಿಲ್ಲ. ಆದರೆ ಹಿಂದೆ ಹೇಳಿದ ಜರ್ನಲ್ ಪರೀಕ್ಷೆಯನ್ನು ಇದಕ್ಕೂ ಮಾಡಿಬಿಡಿ.

ನನ್ನನ್ನು ಕೇಳಿದರೆ ಇವೆಲ್ಲ ಹರಿದ ಚೀಲಕ್ಕೆ ಹೊಲಿಗೆ. ಫ್ಯಾಕ್ಸ್ ಮಷೀನಿನಲ್ಲಿ ಹೊರಗಿನ ಲೈನಿನ ಕೋಡ್ ಒತ್ತುವ ಅಗತ್ಯವೇ ಬೀಳಬಾರದು. ಹೆಚ್ಚಿನ ಕಚೇರಿಗಳ ಫ್ಯಾಕ್ಸ್ ಹೋಗುವುದು ಒಂದಿಪ್ಪತ್ತು ನಂಬರಿಗೆ: ಹೆಡ್ ಆಫೀಸ್, ಬ್ಯಾಂಕ್, ವಕೀಲರು, ಎರಡು ಮೂರು ಸರ್ಕಾರಿ ಕಚೇರಿ. ಇಪಿಎಬಿಎಕ್ಸ್‌ನಲ್ಲಿ ಫ್ಯಾಕ್ಸ್‌ನ ಎಕ್ಸ್‌ಟೆನ್ಶನ್‌ಗೆ ಈ ಇಪ್ಪತ್ತು ನಂಬರಿನ ಅನುಮತಿ ಪಟ್ಟಿ ಹಾಕಿಸಿ, ಉಳಿದ ಎಸ್‌ಟಿಡಿ ಮತ್ತು ಇಡೀ ಐಎಸ್‌ಡಿ ಬಂದ್ ಮಾಡಿಸಿ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಇದ್ದರೆ ಅರ್ಧ ಗಂಟೆಯ ಕೆಲಸ, ಬೇರೆ ದುಡ್ಡಿಲ್ಲ. ಕೋಡೇ ಇಲ್ಲದ ಮೇಲೆ ರಿಪೋರ್ಟ್ ಎಲ್ಲಿ ಬಿದ್ದರೇನು?

## "ಕೋಡ್ ಇರುವ ಪತ್ರ ನಮಗೆ ಫ್ಯಾಕ್ಸ್‌ನಲ್ಲಿ ಬಂದಿತ್ತು, ಅದನ್ನು ಹರಿದೂ ಹಾಕಿದೆವು, ಆದರೂ ಹೊರಗೆ ಹೋಗಿದೆ"

ಮಷೀನ್ ಯಾವ ಬಗೆಯದು ನೋಡಿ. ಸಾದಾ ಕಾಗದದಲ್ಲಿ ಪ್ರಿಂಟ್ ಕೊಡುವ ಕಡಿಮೆ ಬೆಲೆಯ ಮಾದರಿಗಳು, ಪ್ಯಾನಸಾನಿಕ್‌ನ ಕೆಎಕ್ಸ್-ಎಫ್‌ಪಿ ಸಾಲಿನವು ಇದಕ್ಕೆ ಉದಾಹರಣೆ, ಕಪ್ಪು ಫಿಲ್ಮ್ ರೋಲ್ ಬಳಸುತ್ತವೆ. ಬಿಸಿ ತಾಗಿದ ಕಡೆ ಶಾಯಿ ಕಾಗದಕ್ಕೆ ಅಂಟುತ್ತದೆ, ಫಿಲ್ಮ್‌ನಲ್ಲಿ ಅದೇ ಅಕ್ಷರದ ಆಕಾರದ ಬೋಳು ಜಾಗ ಉಳಿಯುತ್ತದೆ. ಬಳಸಿದ ರೋಲನ್ನು ಬೆಳಕಿಗೆ ಹಿಡಿದರೆ ಬಂದ ಪ್ರತಿ ಪತ್ರವನ್ನೂ ಪುಟ ತಪ್ಪದೆ ಓದಬಹುದು. ಅಂಥ ರೋಲುಗಳು ಕಸದ ಬುಟ್ಟಿಯಲ್ಲಿ, ಗುಜರಿಯವರ ಚೀಲದಲ್ಲಿ ಇಡಿಯಾಗಿ ಸಿಕ್ಕಿದ್ದುಂಟು.

ರೋಲ್ ಬದಲಿಸುವಾಗ ಮಷೀನ್ ಆಫ್ ಮಾಡಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಡಿ. ಥರ್ಮಲ್ ಹೆಡ್ ಬಿಸಿಯಿರುತ್ತದೆ. ಹಳೆಯ ಫಿಲ್ಮನ್ನು ಕತ್ತರಿಯಿಂದ ಚೂರು ಮಾಡಿ. ಶ್ರೆಡ್ಡರಿಗೆ ಉದ್ದಕ್ಕೆ ಕೊಟ್ಟರೆ ಹಲ್ಲಿಗೆ ಸುತ್ತಿಕೊಂಡು ಶ್ರೆಡ್ಡರ್ ಕೂಡ ರಿಪೇರಿಗೆ ಬರುತ್ತದೆ. ಸುಡಬೇಡಿ, ಅದು ಪ್ಲಾಸ್ಟಿಕ್. ಲೇಸರ್ ಮಷೀನಿನಲ್ಲಿ ಈ ಫಿಲ್ಮ್ ತಾಪತ್ರಯವಿಲ್ಲ, ಆದರೆ ಹಿಂಭಾಗದಲ್ಲಿ ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಕೈ ಸುಡುವಷ್ಟು ಕಾಯ್ದಿರುತ್ತದೆ. ಸಿಕ್ಕಿಕೊಂಡ ಹಾಳೆ ತೆಗೆಯುವಾಗ ಎಚ್ಚರ. ಆ ಸಿಕ್ಕಿಕೊಂಡ ಹಾಳೆಯೂ ಒಂದು ಸೋರಿಕೆಯೇ, ಅರ್ಧ ಹರಿದು ಎಸೆಯುತ್ತೀರಿ.

## "ಮೇಲ್‌ಬಾಕ್ಸ್‌ಗೆ ಬರಬೇಕಾದ ಫ್ಯಾಕ್ಸ್ ನೇರವಾಗಿ ಟ್ರೇಗೆ ಬೀಳುತ್ತಿದೆ"

ಕಳಿಸುವವರು ಸಬ್ ಅಡ್ರೆಸ್, ಅಂದರೆ ಯಾವ ಮೇಲ್‌ಬಾಕ್ಸ್‌ಗೆ ಎಂದು ತಿಳಿಸುವ ಸಂಖ್ಯೆ, ಹಾಕದೆ ಬರೀ ನಂಬರಿಗೆ ಕಳಿಸಿದ್ದಾರೆ. ಹತ್ತರಲ್ಲಿ ಒಂಬತ್ತು ಸಲ ಇಷ್ಟೇ. ಅವರಿಗೆ ಫೋನ್ ಮಾಡಿ. ಅವರ ಮಷೀನಿಗೆ ಆ ಸೌಲಭ್ಯವೇ ಇಲ್ಲದಿದ್ದರೆ, ಬಂದದ್ದನ್ನೆಲ್ಲ ಮೆಮೊರಿಯಲ್ಲೇ ಹಿಡಿಯುವ ಮೆಮೊರಿ ಲಾಕ್ ಹಾಕಿ. ಮೆಮೊರಿ ತುಂಬಿದರೆ ಹೊಸ ಫ್ಯಾಕ್ಸ್ ಸ್ವೀಕರಿಸದು, ಕರೆಂಟ್ ಬಹಳ ಹೊತ್ತು ಹೋದರೆ ಕೆಲವು ಮಷೀನ್‌ಗಳಲ್ಲಿ ಹಿಡಿದಿಟ್ಟದ್ದೂ ಅಳಿಯುತ್ತದೆ. ದಿನಕ್ಕೆರಡು ಸಲ ಖಾಲಿ ಮಾಡಿ.

## "ಡಿಪಾರ್ಟ್‌ಮೆಂಟ್ ಕೋಡ್ ಎಷ್ಟು ಸಲ ಬದಲಿಸಿದರೂ ನಮ್ಮ ಲೆಕ್ಕಕ್ಕೆ ಬೇರೆಯವರ ಪುಟ ಬೀಳುತ್ತದೆ"

ಕೋಡ್ ಬದಲಿಸಿದ ವಾರದಲ್ಲೇ ಮತ್ತೆ ಬಯಲಾದರೆ, ಯಾರೋ ಅಡ್ಮಿನ್ ಮೆನುವಿನಿಂದಲೇ ಪಟ್ಟಿ ನೋಡುತ್ತಿದ್ದಾರೆ. ಅಡ್ಮಿನ್ ಪಾಸ್‌ವರ್ಡ್ ಫ್ಯಾಕ್ಟರಿಯಿಂದ ಬಂದದ್ದೇ ಉಳಿದಿದೆಯೇ? ಅದು ಮ್ಯಾನ್ಯುಯಲ್‌ನಲ್ಲಿದೆ, ಮ್ಯಾನ್ಯುಯಲ್ ಇಂಟರ್‌ನೆಟ್‌ನಲ್ಲಿದೆ. ನೆಟ್‌ವರ್ಕ್‌ಗೆ ಸೇರಿಸಿದ ಮಲ್ಟಿಫಂಕ್ಷನ್ ಮಷೀನಾದರೆ ಅದರ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ ನೋಡಿ. ಪಾಸ್‌ವರ್ಡ್ ಕೇಳದೆ ಅಡ್ರೆಸ್ ಬುಕ್ ತೆರೆದುಕೊಂಡರೆ, ಕಚೇರಿಯ ಯಾವ ಕಂಪ್ಯೂಟರಿನಲ್ಲಾದರೂ ಹಾಗೆಯೇ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಬದಲಿಸಿ, ಮಷೀನಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯೇ ಎಂದು ಐಟಿಯವರಿಂದ ನೋಡಿಸಿ. 2018ರ ಆಗಸ್ಟ್‌ನಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು, ಬರೀ ಫ್ಯಾಕ್ಸ್ ನಂಬರ್ ಗೊತ್ತಿದ್ದರೆ ಸಾಕು, ಒಂದು ಫ್ಯಾಕ್ಸ್ ಕಳಿಸಿಯೇ ಎಚ್‌ಪಿ ಆಲ್ ಇನ್ ಒನ್ ಮಷೀನನ್ನು ವಶಕ್ಕೆ ತೆಗೆದುಕೊಂಡು, ಅಲ್ಲಿಂದ ಕಚೇರಿಯ ನೆಟ್‌ವರ್ಕ್‌ಗೆ ಇಳಿಯಬಹುದೆಂದು ತೋರಿಸಿದ್ದರು. ಎಚ್‌ಪಿ ಅದಕ್ಕೆ ಪ್ಯಾಚ್ ಬಿಡುಗಡೆ ಮಾಡಿತು. ಹಾಕಿಕೊಳ್ಳಬೇಕಾದವರು ನಾವು.

## "ಬಿಲ್‌ನಲ್ಲಿ ಕೇಳರಿಯದ ದೇಶಗಳಿಗೆ ಕರೆ"

ಇಲ್ಲಿ ನಿಮ್ಮ ಪರೀಕ್ಷೆ ನಿಲ್ಲಬೇಕು. ರಾತ್ರಿ ಎರಡು ಗಂಟೆಗೆ, ಭಾನುವಾರ, ಹಬ್ಬದ ರಜೆಯಲ್ಲಿ 00 ಹಚ್ಚಿ ಹೋದ ಕರೆಗಳು ಸಾಲುಸಾಲಾಗಿ ಇದ್ದರೆ ಅದು ಸಹೋದ್ಯೋಗಿಯ ಕಳ್ಳಾಟವಾಗಿರುವ ಸಂಭವ ಕಡಿಮೆ. ಅಂಥ ನಂಬರ್‌ಗಳಿಗೆ ಕರೆ ಹೋದಷ್ಟೂ ಆ ಕಡೆಯ ವಂಚಕರಿಗೆ ಪಾಲು ಸಿಗುವ ದಂಧೆ ಜಗತ್ತಿನಾದ್ಯಂತ ಇದೆ. ಅವರು ಒಳಬರುವ ಬಾಗಿಲು ಸಾಮಾನ್ಯವಾಗಿ ಇಪಿಎಬಿಎಕ್ಸ್‌ನ ಡೀಸಾ ಸೌಲಭ್ಯ, ಅಂದರೆ ಹೊರಗಿನಿಂದ ಕಚೇರಿಗೆ ಕರೆ ಮಾಡಿ, ಕೋಡ್ ಒತ್ತಿ, ಕಚೇರಿಯ ಲೈನಿನಿಂದಲೇ ಮತ್ತೆ ಹೊರಗೆ ಕರೆ ಮಾಡುವ ವ್ಯವಸ್ಥೆ. ಮೇಲೆ ಹೇಳಿದ ರಿಪೋರ್ಟ್ ಹಾಳೆಯ ನಾಲ್ಕು ಅಂಕಿ ಡೀಸಾಗೂ ಅದೇ ಆಗಿದ್ದರೆ ಅವರು ಕಚೇರಿಗೆ ಕಾಲಿಡುವ ಅಗತ್ಯವೇ ಇಲ್ಲ.

ಮೊದಲು ಟೆಲಿಫೋನ್ ಕಂಪನಿಗೆ ಫೋನ್ ಮಾಡಿ ಐಎಸ್‌ಡಿ ನಿಲ್ಲಿಸಿ, ದೂರಿನ ನಂಬರ್ ಪಡೆಯಿರಿ. ಆಮೇಲೆ ಇಪಿಎಬಿಎಕ್ಸ್ ಸರ್ವಿಸ್‌ನವರಿಂದ ಡೀಸಾ ಬಂದ್ ಮಾಡಿಸಿ. ಅವರು ಬರುವ ಮುನ್ನ ಕಾಲ್ ರೆಕಾರ್ಡ್‌ನ ಪ್ರತಿ ತೆಗೆದಿಡಿ; ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಗೆ ನಾನು ಸೇರಿಸುವುದಿಷ್ಟೇ, ಹಾಕುವಾಗ ಹೆಜ್ಜೆ ಗುರುತು ಅಳಿಸಬೇಡಿ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಯಾರನ್ನಾದರೂ ಹಿಡಿದು ಬೈಯುವ, ಸಂಬಳ ಹಿಡಿಯುವ ಕೆಲಸವನ್ನು ಪೊಲೀಸ್ ದೂರಿಗಿಂತ ಮೊದಲು ಮಾಡಬೇಡಿ.

## "ಹಳೇ ಮಷೀನ್ ಮಾರಿದ ಮೇಲೆ ಕೋಡ್ ಬಯಲಾಯಿತು"

ಮಾರಿದ ಮೇಲೆ ಮಾಡುವಂಥದ್ದು ಎಲ್ಲ ಕೋಡ್ ಬದಲಿಸುವುದೊಂದೇ. ಮಾರುವ ಮುನ್ನವಾದರೆ ದಾರಿಯಿದೆ. ಪ್ಲಗ್ ಕಿತ್ತರೆ ಅಳಿಯುತ್ತದೆ ಎಂಬುದು ತಪ್ಪು ನಂಬಿಕೆ. ಸ್ಪೀಡ್ ಡಯಲ್ ಕರೆಂಟ್ ಇಲ್ಲದೆಯೂ ಉಳಿಯುತ್ತದೆ, ದೊಡ್ಡ ಝೆರಾಕ್ಸ್ ಮಷೀನ್‌ಗಳಲ್ಲಿ ಹಾರ್ಡ್ ಡಿಸ್ಕೇ ಇರುತ್ತದೆ. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ವಿಮಾ ಸಂಸ್ಥೆ ಬಾಡಿಗೆಗೆ ಪಡೆದಿದ್ದ ಕಾಪಿಯರ್‌ಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿತ್ತು. ಅದರಲ್ಲೊಂದನ್ನು ಸಿಬಿಎಸ್ ಟಿವಿಯವರು ಕೊಂಡು ನೋಡಿದಾಗ ಜನರ ವೈದ್ಯಕೀಯ ದಾಖಲೆಗಳು ಸಿಕ್ಕವು. 2013ರಲ್ಲಿ ಆ ಸಂಸ್ಥೆ ಸರ್ಕಾರಕ್ಕೆ 12,15,780 ಡಾಲರ್ ಕಟ್ಟಿ ರಾಜಿಯಾಯಿತು.

ಮೆನುವಿನಲ್ಲಿ ಎಲ್ಲ ಡೇಟಾ ಅಳಿಸುವ ಆಯ್ಕೆ ಇದ್ದರೆ ಬಳಸಿ, ಆಮೇಲೆ ಟೆಲಿಫೋನ್ ಪಟ್ಟಿ ಪ್ರಿಂಟ್ ತೆಗೆದು ಖಾಲಿ ಬಂದಿದೆಯೇ ನೋಡಿ. ಒಳಗಿನ ಡಿಸ್ಕನ್ನು ಸ್ವಂತ ಸ್ಕ್ರೂಡ್ರೈವರ್‌ನಿಂದ ಬಿಚ್ಚಬೇಡಿ, ಪವರ್ ಸಪ್ಲೈನ ಕೆಪ್ಯಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟ್ ಉಳಿದಿರುತ್ತದೆ. ಸರ್ವಿಸ್‌ನವರಿಂದ ತೆಗೆಸಿ, ಡಿಸ್ಕನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಹೊರಡುವ ಮುನ್ನ ಮುಚ್ಚಳ ಎತ್ತಿ ಒಳಗೆ ಅಂಟಿಸಿದ ಚೀಟಿಯೂ ಹೋಗಿದೆಯೇ ಎಂದು ಒಮ್ಮೆ ನೋಡಿ. ಹೋದ ವರ್ಷ ನಾನೊಂದು ಸೆಕೆಂಡ್ ಹ್ಯಾಂಡ್ ಮಷೀನ್ ತಂದಾಗ ಮೆಮೊರಿ ಪೂರ್ತಿ ಖಾಲಿಯಿತ್ತು. ಚೀಟಿ ಮಾತ್ರ ಅಲ್ಲೇ ಇತ್ತು, ಮೇಲೆ ಸೆಲೋಟೇಪ್ ಹಚ್ಚಿ ಭದ್ರಮಾಡಿದ್ದರು.